ಬೆಂಗಳೂರಿನಿಂದ ಮಂಗಳೂರು, ಚೆನ್ನೈ ಎರಡೂ ಕಡೆ 350 ಕಿ.ಮೀ., ಆದರೂ ಕಂಟೇನರ್ ಚೆನ್ನೈಗೇ ಹೋಗುವುದೇಕೆ?

2025ರ ಸುದ್ದಿಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿ. ಫೆಬ್ರುವರಿಯಲ್ಲಿ ಬೆಂಗಳೂರಿನ ಹೂಡಿಕೆದಾರರ ಸಮಾವೇಶ ಮುಗಿದಾಗ 10.27 ಲಕ್ಷ ಕೋಟಿ ರೂಪಾಯಿಯ ಹೂಡಿಕೆ ಭರವಸೆ ಸಿಕ್ಕಿದೆ ಎಂದು ಸರ್ಕಾರ ಹೇಳಿತು. ಅದೇ ತಿಂಗಳು ಅಂಕೋಲಾದ ಕೇಣಿಯಲ್ಲಿ ಮೀನುಗಾರರು ಹೊಸ ಬಂದರು ಬೇಡ ಎಂದು ಬೀದಿಗಿಳಿದರು. ಆಗಸ್ಟ್ 27ರಿಂದ ಅಮೆರಿಕ ನಮ್ಮ ಬಹಳಷ್ಟು ಸರಕಿನ ಮೇಲೆ ಶೇ 50ರಷ್ಟು ಸುಂಕ ಹಾಕಿತು. ಹಿಂದಿನ ವರ್ಷದ ಮಳೆಗಾಲದಲ್ಲಿ ಬೆಂಗಳೂರು–ಮಂಗಳೂರು ದಾರಿಯ ಶಿರಾಡಿ ಘಾಟಿಯ ರಸ್ತೆಯೂ ಅದೇ ಬೆಟ್ಟಸಾಲಿನ ರೈಲು ಹಳಿಯೂ ಗುಡ್ಡ ಕುಸಿತಕ್ಕೆ ಸಿಕ್ಕಿ ನಿಂತುಹೋಗಿದ್ದವು.

ಒಂದು ಸುದ್ದಿ ವಾಣಿಜ್ಯ ಪುಟದಲ್ಲಿ, ಇನ್ನೊಂದು ಜಿಲ್ಲಾ ಪುಟದಲ್ಲಿ, ಮತ್ತೊಂದು ವಿದೇಶ ಪುಟದಲ್ಲಿ. ಓದುವವರಿಗೆ ಇವು ನಾಲ್ಕು ಬೇರೆ ಬೇರೆ ಕಥೆ. ಆದರೆ ಕಾರ್ಖಾನೆಯಿಂದ ಹೊರಟ ಒಂದು ಲೋಡ್ ಸರಕಿನ ಹಿಂದೆಯೇ ಹೋದರೆ ನಾಲ್ಕೂ ಒಂದೇ ದಾರಿಯಲ್ಲಿ ಎದುರಾಗುತ್ತವೆ. ಕರ್ನಾಟಕ ಏನನ್ನು ಯಾರಿಗೆ ಮಾರಬೇಕು ಎಂದು ಯೋಚಿಸುವ ಕೋಣೆ ಒಂದು. ಯಾವ ರಸ್ತೆ, ಯಾವ ಹಳಿ, ಯಾವ ಬಂದರು ಎಂದು ತೀರ್ಮಾನಿಸುವ ಕೋಣೆಗಳು ಹಲವು. ಈ ಕೋಣೆಗಳ ನಡುವೆ ಬಾಗಿಲು ಇಲ್ಲ ಎನ್ನುವುದೇ ಗೊಂದಲದ ಮೂಲ.

ದೂರ ಒಂದೇ, ದಾರಿ ಬೇರೆ

ಬೆಂಗಳೂರಿನಿಂದ ಚೆನ್ನೈಗೆ ರಸ್ತೆಯಲ್ಲಿ ಸುಮಾರು 350 ಕಿ.ಮೀ. ಮಂಗಳೂರಿಗೂ ಹತ್ತಿರ ಹತ್ತಿರ ಅಷ್ಟೇ. ಮಂಗಳೂರಿನ ಪಣಂಬೂರಿನಲ್ಲಿ 1974ರಿಂದಲೂ ದೇಶದ ಪ್ರಮುಖ ಬಂದರುಗಳಲ್ಲಿ ಒಂದು ಇದೆ. ಹಾಗಿದ್ದರೂ ಬೆಂಗಳೂರಿನ ಗಾರ್ಮೆಂಟ್ಸ್, ಯಂತ್ರದ ಬಿಡಿಭಾಗ, ಬಹುಪಾಲು ಕಂಟೇನರ್ ಸರಕು ಪೂರ್ವಕ್ಕೇ ತಿರುಗುತ್ತದೆ. ಯಾಕೆ?

ಮೊದಲ ಕಾರಣ ಬೆಟ್ಟ. ಚೆನ್ನೈ ಕಡೆ ಹೋಗುವ ಲಾರಿಗೆ ದೊಡ್ಡ ಘಾಟಿ ಸಿಗುವುದಿಲ್ಲ. ಮಂಗಳೂರಿಗೆ ಹೋಗಬೇಕಾದರೆ ಘಟ್ಟ ಇಳಿಯಲೇಬೇಕು, ಮುಖ್ಯ ದಾರಿ ಶಿರಾಡಿ. ರೈಲಿನದ್ದು ಇನ್ನೂ ಕಷ್ಟ. ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರೋಡ್ ನಡುವಿನ 55 ಕಿ.ಮೀ.ನಲ್ಲಿ 57 ಸುರಂಗಗಳಿವೆ. ಏರು 50ಕ್ಕೆ 1, ಅಂದರೆ ಕರಾವಳಿಯಿಂದ ಮೇಲೆ ಬರುವಾಗ 50 ಮೀಟರ್ ಮುಂದೆ ಹೋಗುವಷ್ಟರಲ್ಲಿ 1 ಮೀಟರ್ ಮೇಲೆ ಹತ್ತಬೇಕು. ರಸ್ತೆಯಲ್ಲಿ ಇದು ಏನೂ ಅಲ್ಲ, ಆದರೆ ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರ ಉರುಳುವ ಗೂಡ್ಸ್ ಗಾಡಿಗೆ ತುಂಬಾ ಜಾಸ್ತಿ. ಹಿಂದಿನಿಂದ ತಳ್ಳಲು ಹೆಚ್ಚುವರಿ ಎಂಜಿನ್ ಬೇಕು. ರೈಲ್ವೆಯವರು ಇದನ್ನು ಬ್ಯಾಂಕರ್ ಎನ್ನುತ್ತಾರೆ. ಬ್ಯಾಂಕರ್ ಜೋಡಿಸಲು, ಬಿಚ್ಚಲು ಸಮಯ ಬೇಕು. ಅಷ್ಟು ಹೊತ್ತು ಉಳಿದ ಗಾಡಿಗಳು ಕಾಯಬೇಕು. ಹೀಗಾಗಿ ದಿನಕ್ಕೆ ಓಡುವ ಗಾಡಿಗಳ ಸಂಖ್ಯೆಯೇ ಕಡಿಮೆ.

ಎರಡನೆಯದು ಹಡಗು. ನವಮಂಗಳೂರು ಬಂದರು ವರ್ಷಕ್ಕೆ 4.5 ಕೋಟಿ ಟನ್ ಆಸುಪಾಸು ಸರಕು ನಿಭಾಯಿಸುತ್ತದೆ. ಅದರಲ್ಲಿ ದೊಡ್ಡ ಪಾಲು ಕಚ್ಚಾ ತೈಲ, ಕಲ್ಲಿದ್ದಲು, ಎಲ್‌ಪಿಜಿಯಂಥವು. ಕಂಟೇನರ್ ಲೆಕ್ಕ 20 ಅಡಿಯ ಪೆಟ್ಟಿಗೆಗಳಲ್ಲಿ ಎರಡು ಲಕ್ಷದ ಆಸುಪಾಸು. ಮುಂಬೈ ಪಕ್ಕದ ಜವಾಹರಲಾಲ್ ನೆಹರೂ ಬಂದರು 2024–25ರಲ್ಲಿ 70 ಲಕ್ಷ ದಾಟಿತು. ಹಡಗು ಕಂಪನಿ ಸರಕು ಜಾಸ್ತಿ ಇರುವ ಕಡೆ ಹೋಗುತ್ತದೆ, ರಫ್ತುದಾರ ಹಡಗು ಜಾಸ್ತಿ ಬರುವ ಕಡೆ ಹೋಗುತ್ತಾನೆ. ಮೊದಲು ಹಡಗು ಬರಲಿ ಅಂತ ಇವನು, ಮೊದಲು ಸರಕು ಬರಲಿ ಅಂತ ಅವರು. ಚೆನ್ನೈ ಸುತ್ತ ಚೆನ್ನೈ, ಎಣ್ಣೂರು, ಕಾಟ್ಟುಪಳ್ಳಿ ಎಂದು ಮೂರು ಬಂದರುಗಳಿವೆ. ಒಂದು ಹಡಗು ತಪ್ಪಿದರೆ ಇನ್ನೊಂದಕ್ಕೆ ಬಹಳ ಕಾಯಬೇಕಿಲ್ಲ.

ಮೂರನೆಯದನ್ನು ಹೆಚ್ಚಿನವರು ಗಮನಿಸುವುದಿಲ್ಲ: ಖಾಲಿ ಡಬ್ಬ. ರಫ್ತು ಮಾಡಲು ಮೊದಲು ಖಾಲಿ ಕಂಟೇನರ್ ಸಿಗಬೇಕು. ಅದು ಆಮದಿನ ಜೊತೆ ತುಂಬಿ ಬಂದು, ಸರಕು ಇಳಿಸಿದ ಮೇಲೆ ಖಾಲಿಯಾಗುತ್ತದೆ. ಬೆಂಗಳೂರಿನ ಆಮದು ಚೆನ್ನೈ ಕಡೆಯಿಂದ ಬರುವುದರಿಂದ ಖಾಲಿ ಡಬ್ಬಗಳೂ ಅದೇ ದಾರಿಯಲ್ಲಿ ಓಡಾಡುತ್ತವೆ. ಈ ದಾರಿ ಹಳೆಯದು. ದೇಶದ ಮೊದಲ ಒಳನಾಡು ಕಂಟೇನರ್ ಡಿಪೊ (ಬಂದರಿನಿಂದ ದೂರದಲ್ಲೇ ಕಸ್ಟಮ್ಸ್ ಕೆಲಸ ಮುಗಿಸಿ ಕಂಟೇನರ್ ಕಳಿಸುವ ಜಾಗ) ಶುರುವಾದದ್ದು 1981ರಲ್ಲಿ, ಬೆಂಗಳೂರಿನಲ್ಲೇ. ನಾಲ್ಕು ದಶಕದಲ್ಲಿ ಅದರ ಸುತ್ತ ಕಸ್ಟಮ್ಸ್ ಏಜೆಂಟರು, ಲಾರಿ ಮಾಲೀಕರು, ಗೋದಾಮುಗಳು ಬೆಳೆದಿವೆ. ಒಂದು ಭಾಷಣದಿಂದ ಇವೆಲ್ಲ ದಿಕ್ಕು ಬದಲಿಸುವುದಿಲ್ಲ.

ಯಾರ ಕೈಯಲ್ಲಿ ಏನಿದೆ

ಇಲ್ಲಿ ಸಂವಿಧಾನದ ಏಳನೇ ಪರಿಚ್ಛೇದವನ್ನು ಸ್ವಲ್ಪ ನೋಡಬೇಕು. ವಿದೇಶಿ ವ್ಯಾಪಾರ, ರೈಲ್ವೆ, ರಾಷ್ಟ್ರೀಯ ಹೆದ್ದಾರಿ, ಪ್ರಮುಖ ಬಂದರು, ವಿಮಾನ ನಿಲ್ದಾಣ ಎಲ್ಲವೂ ಕೇಂದ್ರದ ಪಟ್ಟಿಯಲ್ಲಿವೆ. ಸಣ್ಣ ಬಂದರುಗಳು ಎರಡೂ ಸರ್ಕಾರಗಳ ಪಟ್ಟಿಯಲ್ಲಿವೆ. ರಾಜ್ಯದ ಕೈಯಲ್ಲಿ ಉಳಿಯುವುದು ಜಮೀನು, ರಾಜ್ಯದ ರಸ್ತೆಗಳು, ಕೈಗಾರಿಕೆಗೆ ಕೊಡುವ ರಿಯಾಯಿತಿಗಳು.

ಅಂದರೆ ರಾಜ್ಯ ಕಾರ್ಖಾನೆಯನ್ನು ಕರೆಯಬಹುದು, ಆದರೆ ಅಲ್ಲಿಂದ ಹೊರಡುವ ರೈಲನ್ನು ಓಡಿಸಲಾಗದು. ಪಣಂಬೂರಿನ ಬಂದರು ದೆಹಲಿಯ ಸಚಿವಾಲಯದ ಕೆಳಗಿದೆ. ಅದಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ ಇನ್ನೊಂದು ಸಚಿವಾಲಯದ್ದು. ಮಂಗಳೂರಿನ ರೈಲು ಹಳಿಗಳ ಕಥೆ ಕೇಳಿದರೆ ನಗು ಬರುತ್ತದೆ. ಹಾಸನದ ಕಡೆಯಿಂದ ಬರುವ ಹಳಿ ನೈಋತ್ಯ ರೈಲ್ವೆಯ ಮೈಸೂರು ವಿಭಾಗದ್ದು, ಮಂಗಳೂರು ಜಂಕ್ಷನ್ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗದ್ದು, ತೋಕೂರಿನಿಂದ ಆಚೆ ಕೊಂಕಣ ರೈಲ್ವೆ. ಒಂದೇ ಊರಿನ ಸುತ್ತ ಮೂರು ಯಜಮಾನರು. ಯಾರಿಗೂ ಮಂಗಳೂರು ಮೊದಲ ಆದ್ಯತೆ ಅಲ್ಲ.

ರಾಜ್ಯದೊಳಗೂ ಇದೇ ಹಣೆಬರಹ. ರಫ್ತಿಗೆ ಉತ್ತೇಜನ ಕೊಡುವ ವಿಶ್ವೇಶ್ವರಯ್ಯ ವ್ಯಾಪಾರ ಉತ್ತೇಜನ ಕೇಂದ್ರ ಕೈಗಾರಿಕೆ ಇಲಾಖೆ ಜೊತೆಗಿದೆ. ಬಂದರು ಇನ್ನೊಂದು ಇಲಾಖೆಗೆ ಸೇರಿದೆ. ರಸ್ತೆ ಲೋಕೋಪಯೋಗಿಗೆ. ಕೇಂದ್ರ ಸರ್ಕಾರ 2021ರ ಅಕ್ಟೋಬರ್‌ನಲ್ಲಿ ಗತಿಶಕ್ತಿ ಯೋಜನೆಯನ್ನೂ 2022ರ ಸೆಪ್ಟೆಂಬರ್‌ನಲ್ಲಿ ರಾಷ್ಟ್ರೀಯ ಲಾಜಿಸ್ಟಿಕ್ಸ್ (ಸರಕು ಸಾಗಣೆ) ನೀತಿಯನ್ನೂ ತಂದದ್ದು ಇಂಥ ಗೋಡೆಗಳನ್ನು ಒಡೆಯಲೆಂದೇ. ಗತಿಶಕ್ತಿಯಿಂದ ಎಲ್ಲ ಇಲಾಖೆಗಳ ನಕ್ಷೆ ಒಂದೇ ಪರದೆ ಮೇಲೆ ಬಂತು, ಅದು ಒಳ್ಳೆಯದೇ. ಆದರೆ ನಕ್ಷೆ ತೋರಿಸುವುದು ರಸ್ತೆ ಎಲ್ಲಿದೆ ಎಂದು. ಮುಂದಿನ ಹತ್ತು ವರ್ಷ ಆ ರಸ್ತೆಯಲ್ಲಿ ಯಾವ ಸರಕು ಹೋಗಬೇಕು ಎಂದು ಅದು ಹೇಳುವುದಿಲ್ಲ.

ಐಫೋನ್ ಬೇರೆ, ಕಾಫಿ ಬೇರೆ

"ರಫ್ತು ಹೆಚ್ಚಿಸಬೇಕು, ಅದಕ್ಕೆ ಮೂಲಸೌಕರ್ಯ ಬೇಕು" ಎನ್ನುವ ಮಾತನ್ನು ಎಲ್ಲ ಪಕ್ಷದವರೂ ಹೇಳುತ್ತಾರೆ. ಇದರಲ್ಲಿ ತಪ್ಪಿಲ್ಲ, ಉಪಯೋಗವೂ ಇಲ್ಲ. ಯಾವ ರಫ್ತು ಎಂದು ಕೇಳಿದ ಕೂಡಲೇ ಉತ್ತರ ಚೂರು ಚೂರಾಗುತ್ತದೆ.

ರಾಜ್ಯದ ಅತಿ ದೊಡ್ಡ ರಫ್ತು ಸಾಫ್ಟ್‌ವೇರ್. ಅದಕ್ಕೆ ಲಾರಿ ಬೇಡ. ದೇವನಹಳ್ಳಿ ಮತ್ತು ನರಸಾಪುರದ ಐಫೋನ್‌ಗಳು ಹಗುರ, ಬೆಲೆ ವಿಪರೀತ. ಇಂಥ ಸರಕು ವಿಮಾನದಲ್ಲಿ ಹೋಗುತ್ತದೆ. ಅದಕ್ಕೆ ಬೇಕಾದದ್ದು ಕಾರ್ಖಾನೆಯಿಂದ ನಿಲ್ದಾಣದವರೆಗೆ ಟ್ರಾಫಿಕ್ ಇಲ್ಲದ ರಸ್ತೆ ಮತ್ತು ರಾತ್ರಿಯೂ ತೆರೆದಿರುವ ಕಸ್ಟಮ್ಸ್. ಕೆಂಪೇಗೌಡ ನಿಲ್ದಾಣ 2024–25ರಲ್ಲಿ 5 ಲಕ್ಷ ಟನ್‌ಗಿಂತ ಜಾಸ್ತಿ ಸರಕು ಸಾಗಿಸಿದೆ. ಬಳ್ಳಾರಿಯ ಅದಿರು ಇದಕ್ಕೆ ತದ್ವಿರುದ್ಧ. ತೂಕ ವಿಪರೀತ, ಟನ್ನಿನ ಬೆಲೆ ಕಡಿಮೆ, ಹಳಿ ಇಲ್ಲದಿದ್ದರೆ ಲೆಕ್ಕವೇ ಕೂಡುವುದಿಲ್ಲ. ಗಾರ್ಮೆಂಟ್ಸ್ ಇವೆರಡರ ಮಧ್ಯೆ: ತೂಕ ಹೆಚ್ಚಿಲ್ಲ, ಆದರೆ ತಾರೀಖು ಮುಖ್ಯ. ಹಡಗು ತಪ್ಪಿದರೆ ಎಷ್ಟೋ ಸಲ ಕಾರ್ಖಾನೆಯವರೇ ತಮ್ಮ ಖರ್ಚಿನಲ್ಲಿ ವಿಮಾನದಲ್ಲಿ ಕಳಿಸಬೇಕು. ಲಾಭ ಅಲ್ಲಿಗೇ ಖತಂ.

ಕಾಫಿಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ದೇಶದ ಕಾಫಿಯಲ್ಲಿ ಸುಮಾರು ಶೇ 70 ಕರ್ನಾಟಕದ್ದು. ಹಾಸನ, ಚಿಕ್ಕಮಗಳೂರು, ಕೊಡಗಿನ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಸಿಪ್ಪೆ ತೆಗೆದು, ಗಾತ್ರ ಬೇರೆ ಮಾಡಿ, 60 ಕೆ.ಜಿ.ಯ ಗೋಣಿಚೀಲಕ್ಕೆ ತುಂಬುತ್ತಾರೆ. 20 ಅಡಿಯ ಕಂಟೇನರ್‌ಗೆ 320 ಚೀಲ, ಅಂದರೆ 19 ಟನ್ ಚಿಲ್ಲರೆ. ಬಾಗಿಲು ಮುಚ್ಚಿ ಸೀಲ್ ಹಾಕಿದ ಕ್ಷಣದಿಂದ ಗಡಿಯಾರ ಓಡತೊಡಗುತ್ತದೆ. ಬಂದರಿನ ಗೇಟಿಗೆ ಇಂಥ ದಿನ ಇಂಥ ಗಂಟೆಯೊಳಗೆ ಬರಬೇಕು ಎಂದು ಹಡಗು ಕಂಪನಿ ಮೊದಲೇ ಹೇಳಿರುತ್ತದೆ. ಇದಕ್ಕೆ ಕಟ್-ಆಫ್ ಎನ್ನುತ್ತಾರೆ. ಹಾಸನದಿಂದ ಪಣಂಬೂರು 170 ಕಿ.ಮೀ. ಆಸುಪಾಸು, ಒಳ್ಳೆಯ ದಿನ ಅರ್ಧ ದಿನದ ಕೆಲಸ. ಶಿರಾಡಿಯಲ್ಲಿ ಗುಡ್ಡ ಜಾರಿದರೆ ಚಾರ್ಮಾಡಿ ಎನ್ನಬಹುದು, ಆದರೆ ಅಲ್ಲಿನ ತಿರುವುಗಳಲ್ಲಿ ಕಂಟೇನರ್ ಲಾರಿ ತಿರುಗಿಸುವುದು ಆಗದ ಮಾತು. ಕಟ್-ಆಫ್ ಹೋಯಿತು ಎಂದರೆ ಮುಂದಿನ ಹಡಗಿನವರೆಗೆ ಡಬ್ಬಕ್ಕೆ ಬಾಡಿಗೆ, ಲಾರಿಗೆ ನಿಲುಗಡೆ ಹಣ, ಇಟಲಿಯ ಖರೀದಿದಾರನಿಗೆ ವಿವರಣೆ.

ಇದು ಒಂದೆರಡು ಸಲ ಆದರೆ ರಫ್ತುದಾರ ಏನು ಮಾಡುತ್ತಾನೆ? ಮಳೆಗಾಲದ ಸರಕನ್ನು ಮೊದಲೇ ಬೇರೆ ಬಂದರಿಗೆ ಬುಕ್ ಮಾಡುತ್ತಾನೆ. ಮಂಗಳೂರಿಗೆ ಬರುವ ಸರಕು ಕಡಿಮೆಯಾಗುತ್ತದೆ. ಸರಕು ಕಡಿಮೆಯಾದರೆ ಹಡಗೂ ಕಡಿಮೆ. ಬೆಟ್ಟದ ಮೇಲಿನ ಒಂದು ತಿರುವು ಬಂದರಿನ ಕ್ರೇನನ್ನು ಖಾಲಿ ಕೂರಿಸುವುದು ಹೀಗೆ.

ಒಂದು ರಾತ್ರಿಯ ಆದೇಶ, ನೂರು ವರ್ಷದ ಹಳಿ

ವ್ಯಾಪಾರ ನೀತಿ ಬದಲಾಗುವ ವೇಗ ಮತ್ತು ಹಳಿ ಹಾಕುವ ವೇಗ ಎಷ್ಟು ಬೇರೆ ಎಂಬುದಕ್ಕೆ ಅದಿರಿಗಿಂತ ಒಳ್ಳೆಯ ಉದಾಹರಣೆ ಸಿಗದು.

ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗ ಮಂಜೂರಾದದ್ದು 1990ರ ದಶಕದಲ್ಲಿ. ಸುಮಾರು 165 ಕಿ.ಮೀ., ದಾರಿಯ ದೊಡ್ಡ ಭಾಗ ಪಶ್ಚಿಮ ಘಟ್ಟದ ಕಾಡು. ಬಳ್ಳಾರಿ–ಹೊಸಪೇಟೆಯ ಅದಿರು ಕರಾವಳಿಗೆ ಇಳಿಯಬೇಕು ಎನ್ನುವುದು ಆಗ ಮುಂದಿಟ್ಟ ದೊಡ್ಡ ಕಾರಣ. ಮುಂದೆ ಏನಾಯಿತು ನೋಡಿ. ಅಂಕೋಲಾ ಹತ್ತಿರದ ಬೇಲೆಕೇರಿ ಬಂದರಿನಿಂದ ನಡೆದ ಅದಿರಿನ ಅಕ್ರಮ ಸಾಗಣೆ ಹೊರಬಂತು. 2010ರಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸಿತು. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆಗೇ ತಡೆ ಹಾಕಿತು. ಹನ್ನೊಂದು ವರ್ಷ ಕಳೆದು 2022ರ ಮೇ 20ರಂದು ಕೋರ್ಟ್ ರಫ್ತಿಗೆ ಮತ್ತೆ ಅವಕಾಶ ಕೊಟ್ಟಿತು. ಮರುದಿನವೇ ಕೇಂದ್ರ ಸರ್ಕಾರ ಅದಿರಿನ ರಫ್ತು ಸುಂಕವನ್ನು ಶೇ 50ಕ್ಕೆ ಏರಿಸಿತು! ಆ ಏರಿಕೆಯನ್ನು ವಾಪಸು ಪಡೆದದ್ದು ಅದೇ ವರ್ಷದ ನವೆಂಬರ್‌ನಲ್ಲಿ.

ಹಳಿ ಹಾಕಿದ್ದರೆ ಇಷ್ಟು ವರ್ಷ ಅದರ ಮೇಲೆ ಏನು ಓಡುತ್ತಿತ್ತು? ಹಾಕದೆ ಉಳಿದದ್ದು ಯೋಜನಾ ಜಾಣ್ಮೆಯಿಂದ ಅಲ್ಲ, ಅರಣ್ಯ ಅನುಮತಿ ಮತ್ತು ಕೋರ್ಟು ಕೇಸುಗಳಿಂದ. ಸುಂಕ ಒಂದು ರಾತ್ರಿಯಲ್ಲಿ ಬದಲಾಗುತ್ತದೆ. ಕಡಿದ ಕಾಡು ಮರಳಿ ಬರುವುದಿಲ್ಲ, ಹಾಕಿದ ಹಳಿಯನ್ನು ಕಿತ್ತು ಬೇರೆಡೆ ಹಾಕುವುದೂ ಇಲ್ಲ. ಹಾಗಾಗಿ ಒಂದೇ ಸರಕನ್ನು ನಂಬಿ ಮಾಡುವ ದೊಡ್ಡ ಯೋಜನೆ ಯಾವಾಗಲೂ ಅಪಾಯದ್ದು.

ಕೇಣಿಯ ಪ್ರಶ್ನೆ

ಕೇಣಿ ಬಂದರಿನ ಗುತ್ತಿಗೆ 2023ರ ಕೊನೆಯಲ್ಲಿ ಜೆಎಸ್‌ಡಬ್ಲ್ಯು ಇನ್‌ಫ್ರಾಸ್ಟ್ರಕ್ಚರ್‌ಗೆ ಸಿಕ್ಕಿತು. ಅಂದಾಜು ವೆಚ್ಚ 4,119 ಕೋಟಿ ರೂಪಾಯಿ, ಮೊದಲ ಹಂತದ ಸಾಮರ್ಥ್ಯ ವರ್ಷಕ್ಕೆ 3 ಕೋಟಿ ಟನ್. ಬೆಂಬಲಿಸುವವರ ವಾದ ಹೀಗಿದೆ: ಬಳ್ಳಾರಿ ಕಡೆಯ ಉಕ್ಕಿನ ಕಾರ್ಖಾನೆಗಳಿಗೆ ಹೊರದೇಶದ ಕಲ್ಲಿದ್ದಲು ಬೇಕು, ಈಗ ಅದು ಬೇರೆ ರಾಜ್ಯಗಳ ಬಂದರಿನಿಂದಲೂ ಬರುತ್ತದೆ, 300 ಕಿ.ಮೀ.ಗೂ ಹೆಚ್ಚು ಕರಾವಳಿ ಇರುವ ರಾಜ್ಯಕ್ಕೆ ಒಂದೇ ದೊಡ್ಡ ಬಂದರು ಸಾಲದು. ಮೀನುಗಾರರ ವಾದವೂ ಅಷ್ಟೇ ನೇರ: ದೋಣಿ ಎಳೆಯುವ ದಡ ಹೋಗುತ್ತದೆ, ಮೀನು ಸಿಗುವ ಜಾಗ ಹೋಗುತ್ತದೆ, ಬಂದರಿನಲ್ಲಿ ಕೆಲಸ ನಮಗೆ ಸಿಗುತ್ತದೆ ಎಂದು ನಂಬಲು ಕಾರಣ ಇಲ್ಲ.

ಈ ಎರಡರ ಮಧ್ಯೆ ಮೂರನೆಯ ಪ್ರಶ್ನೆ ಯಾರೂ ಜೋರಾಗಿ ಕೇಳುತ್ತಿಲ್ಲ. ದಡಕ್ಕೆ ಇಳಿದ ಕಲ್ಲಿದ್ದಲು ಘಟ್ಟ ಹತ್ತುವುದು ಹೇಗೆ? ಗೋವಾ ಕಡೆ ಇಳಿಯುವ ಕ್ಯಾಸಲ್‌ರಾಕ್–ಕುಳೆಂ ಹಳಿಯ ಏರು 37ಕ್ಕೆ 1, ಶಿರಾಡಿ ಪಕ್ಕದ ಹಳಿಗಿಂತಲೂ ಕಡಿದು. ಅದನ್ನು ಜೋಡಿ ಹಳಿ ಮಾಡಲು ಕೊಟ್ಟಿದ್ದ ವನ್ಯಜೀವಿ ಅನುಮತಿಯನ್ನು ಸುಪ್ರೀಂ ಕೋರ್ಟ್ 2022ರ ಮೇನಲ್ಲಿ ರದ್ದು ಮಾಡಿತು. ಹಾಗಾದರೆ ಉಳಿಯುವುದು ಹುಬ್ಬಳ್ಳಿ–ಅಂಕೋಲಾ ಅಥವಾ ಲಾರಿಗಳ ಸಾಲು. ಅಂದರೆ ಕೇಣಿಗೆ ಹೂಂ ಎನ್ನುವುದು ಘಟ್ಟದ ಹಳಿಗೂ ಅರ್ಧ ಹೂಂ ಎಂದ ಹಾಗೆ. ಕಾಗದದಲ್ಲಿ ಮಾತ್ರ ಇವು ಎರಡು ಬೇರೆ ಯೋಜನೆ, ಎರಡು ಬೇರೆ ಅನುಮತಿ. ಒಂದು ಸಿಕ್ಕ ಮೇಲೆ ಅದನ್ನೇ ತೋರಿಸಿ ಇನ್ನೊಂದನ್ನು ಕೇಳುವುದು ಹಳೆಯ ವರಸೆ. ಅಂಕೋಲಾದ ಪಕ್ಕದ ಶಿರೂರಿನಲ್ಲಿ 2024ರ ಜುಲೈ 16ರಂದು ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಜನ ಸತ್ತದ್ದನ್ನು ಅಲ್ಲಿನವರು ಮರೆತಿಲ್ಲ. ಆ ಊರಿನವರಿಗೆ ಲಾರಿ ಸಾಲು ಎಂದರೆ ಬರೀ ಅಂಕಿ ಅಲ್ಲ.

ಬೇರೆಯವರು ಹೇಗೆ ಮಾಡಿದರು

ಗುಜರಾತ್ 1982ರಲ್ಲೇ ಬಂದರುಗಳನ್ನು ನೋಡಿಕೊಳ್ಳಲು ಮಾರಿಟೈಮ್ ಬೋರ್ಡ್ ಮಾಡಿಕೊಂಡು 1995ರಲ್ಲಿ ಬಂದರು ನೀತಿ ತಂದಿತು. ಬಂದರಿನ ಜೊತೆ ಹಳಿಯನ್ನೂ ಸೇರಿಸಿ ಯೋಚಿಸಿತು. ಪೀಪಾವಾವ್‌ನಲ್ಲಿ ಬಂದರಿನವರೇ ರೈಲ್ವೆ ಜೊತೆ ಪಾಲುದಾರಿಕೆ ಮಾಡಿಕೊಂಡು ಹಳಿ ಕಂಪನಿ ಕಟ್ಟಿದರು. ಆದರೆ ಗುಜರಾತಿಗೆ ಘಟ್ಟ ಇಲ್ಲ ಎನ್ನುವುದನ್ನೂ ನೆನಪಿಡಬೇಕು. ಕೇರಳದ ವಿಳಿಂಜಂ ಇದರ ಉಲ್ಟಾ. 2025ರ ಮೇನಲ್ಲಿ ಉದ್ಘಾಟನೆಯಾದಾಗ ಆ ಬಂದರಿಗೆ ಆಳವಾದ ನೀರಿತ್ತು, ದೊಡ್ಡ ಕ್ರೇನಿತ್ತು, ರೈಲು ಸಂಪರ್ಕ ಇನ್ನೂ ಇರಲಿಲ್ಲ. ಹಡಗಿನಿಂದ ಹಡಗಿಗೆ ಡಬ್ಬ ಬದಲಿಸುವ ವ್ಯಾಪಾರಕ್ಕೆ ಅದು ಸಾಕು, ಒಳನಾಡಿನ ರಫ್ತುದಾರನಿಗೆ ಸಾಲದು.

ಅಮೆರಿಕದ ದಕ್ಷಿಣ ಕೆರೊಲಿನಾದ ಕಥೆ ನಮಗೆ ಹೆಚ್ಚು ಹತ್ತಿರ. ಅಲ್ಲಿನ ಬಿಎಂಡಬ್ಲ್ಯು ಕಾರ್ಖಾನೆ ಚಾರ್ಲ್‌ಸ್ಟನ್ ಬಂದರಿನಿಂದ ಸುಮಾರು 340 ಕಿ.ಮೀ. ಒಳಗಿದೆ, ಹೆಚ್ಚುಕಡಿಮೆ ಬೆಂಗಳೂರು–ಚೆನ್ನೈನಷ್ಟೇ ದೂರ. ರಾಜ್ಯದ ಬಂದರು ಪ್ರಾಧಿಕಾರ 2013ರಲ್ಲಿ ಕಾರ್ಖಾನೆಯ ಹತ್ತಿರದ ಗ್ರೀರ್‌ನಲ್ಲಿ ಒಣ ಬಂದರು, ಅಂದರೆ ಸಮುದ್ರದಿಂದ ದೂರದಲ್ಲಿ ಡಬ್ಬಗಳನ್ನು ರೈಲಿಗೆ ಹತ್ತಿಸುವ ಜಾಗ, ತೆರೆಯಿತು. ಸಂಜೆ ತುಂಬಿದ ಡಬ್ಬ ರಾತ್ರಿ ರೈಲಿನಲ್ಲಿ ಹೋಗಿ ಬೆಳಗ್ಗೆ ಸಮುದ್ರದ ಪಕ್ಕ ಇರುತ್ತದೆ. ಯಾವ ಸರಕು, ಯಾರದ್ದು, ಎಲ್ಲಿಗೆ ಎಂದು ಮೊದಲೇ ಗೊತ್ತಿತ್ತು, ಕಟ್ಟಿದ್ದು ಆಮೇಲೆ. ಅಮೆರಿಕದಲ್ಲಿ 2015ರ ಕಾನೂನಿನ ಪ್ರಕಾರ ಒಕ್ಕೂಟ ಸರ್ಕಾರದ ಸರಕು ಹೆದ್ದಾರಿ ಹಣ ಬೇಕಾದರೆ ಪ್ರತಿ ರಾಜ್ಯವೂ ಸರಕು ಸಾಗಣೆ ಯೋಜನೆ ಬರೆದಿಟ್ಟಿರಬೇಕು.

ಅಲ್ಲೂ ಎಡವಿದವರಿದ್ದಾರೆ. ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ಬಂದರನ್ನು 2015ರಲ್ಲಿ ಹಾಂಜಿನ್ ಹಡಗು ಕಂಪನಿ ಬಿಟ್ಟುಹೋಯಿತು. ಕ್ರೇನ್ ಅಲ್ಲೇ ಇತ್ತು, ಕಟ್ಟೆ ಅಲ್ಲೇ ಇತ್ತು. ರೈತರು ಮಾತ್ರ ಒಣಹುಲ್ಲು, ಬೀಜದ ಡಬ್ಬಗಳನ್ನು ಪಕ್ಕದ ರಾಜ್ಯದ ಸಿಯಾಟಲ್, ಟಕೋಮಾಕ್ಕೆ ಲಾರಿಯಲ್ಲಿ ಸಾಗಿಸಬೇಕಾಯಿತು.

ನಮ್ಮ ಬಂದರು ಯಾವುದು?

ಕರಾವಳಿಯವರ ದೂರು ನ್ಯಾಯವಾದದ್ದೇ: ನಮ್ಮ ರಾಜ್ಯದ ಸರಕು ನಮ್ಮ ಬಂದರಿನಿಂದ ಹೋಗಲಿ. ಗೋದಾಮು, ಲಾರಿ, ಏಜೆನ್ಸಿ ಕೆಲಸಗಳೆಲ್ಲ ಬಂದರಿನ ಸುತ್ತಲೇ ಹುಟ್ಟುತ್ತವೆ. ಅವು ತಮಿಳುನಾಡಿಗೆ ಹೋಗುತ್ತಿವೆ. ರಫ್ತುದಾರ ಇದಕ್ಕೆ ಹೇಳುವುದು ಒಂದೇ ಮಾತು, ನನಗೆ ಹಡಗು ಸಿಗುವ ಕಡೆ ಹೋಗುತ್ತೇನೆ.

ಲೆಕ್ಕ ನೋಡಿದರೆ ರಾಜ್ಯದ ಬೊಕ್ಕಸಕ್ಕೆ ಭಾವಿಸುವಷ್ಟು ನಷ್ಟ ಇಲ್ಲ. ರಫ್ತಿಗೆ ಜಿಎಸ್‌ಟಿ ಶೂನ್ಯ ದರ. ಚೆನ್ನೈಯಿಂದ ಹೋದರೂ ಆ ರಫ್ತು ಕರ್ನಾಟಕದ ಲೆಕ್ಕದಲ್ಲೇ ಬರುತ್ತದೆ. ಹಾಗಾಗಿ ಬೆಂಗಳೂರಿನ ಸರಕಿನ ಮಟ್ಟಿಗೆ ಚೆನ್ನೈಯನ್ನೇ ನಮ್ಮ ಬಂದರು ಎಂದು ಒಪ್ಪಿಕೊಂಡು ಯೋಜನೆ ಮಾಡುವುದು ವಾಸಿ. ಉತ್ತರದ ಜಿಲ್ಲೆಗಳಿಗೆ ಗೋವಾ ಮತ್ತು ಮುಂಬೈ ಹಾಗೆಯೇ. ಮಂಗಳೂರಿಗೆ ಹಾಸನ, ಕೊಡಗು, ಚಿಕ್ಕಮಗಳೂರು, ಶಿವಮೊಗ್ಗ ಸಹಜವಾದ ಹಿನ್ನಾಡು, ಅಂದರೆ ಬಂದರಿಗೆ ಸರಕು ಕೊಡುವ ಒಳನಾಡು. ಅಲ್ಲಿಯ ಸರಕನ್ನಾದರೂ ವರ್ಷವಿಡೀ ತಪ್ಪದೆ ಇಳಿಸುವ ದಾರಿ ಮಾಡಿದರೆ ಹಡಗು ಕಂಪನಿ ಜೊತೆ ಮಾತಾಡಲು ಕೈಯಲ್ಲಿ ಏನಾದರೂ ಇರುತ್ತದೆ. ಅದಕ್ಕೆ ಬೇಕಾದದ್ದು ಶಿರಾಡಿಯ ಇಳಿಜಾರುಗಳಿಗೆ ಗಟ್ಟಿ ತಡೆಗೋಡೆ, ನೀರು ಹರಿಯುವ ಚರಂಡಿ, ಮೂರು ರೈಲ್ವೆಗಳ ನಡುವೆ ಒಂದು ಒಪ್ಪಂದ. ಸುಂದರ ಮಾದರಿ ಚಿತ್ರ ಬಿಡಿಸಿ ತೋರಿಸುವಂಥ ಕೆಲಸಗಳಲ್ಲ, ಅದಕ್ಕೇ ಹಿಂದೆ ಉಳಿಯುತ್ತವೆ ಅನಿಸುತ್ತದೆ.

ತೀರ್ಮಾನಿಸದಿದ್ದರೂ ತೀರ್ಮಾನ ಆಗುತ್ತಿದೆ

ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇ 262 ಕಿ.ಮೀ. ಅದರ ಕರ್ನಾಟಕದ ಭಾಗ ಹೊಸಕೋಟೆಯಿಂದ ಆಚೆಗೆ 2024ರ ಡಿಸೆಂಬರ್‌ನಲ್ಲೇ ಓಡಾಟಕ್ಕೆ ತೆರೆಯಿತು. ಡಾಬಸ್‌ಪೇಟೆ ಹತ್ತಿರ ಮುದ್ದಲಿಂಗನಹಳ್ಳಿಯಲ್ಲಿ 400 ಎಕರೆಯ ಲಾಜಿಸ್ಟಿಕ್ಸ್ ಪಾರ್ಕ್ ಬರುತ್ತಿದೆ. ಅಲ್ಲಿಂದ ಉಪನಗರ ವರ್ತುಲ ರಸ್ತೆ ಹಿಡಿದರೆ ನೇರ ಹೊಸಕೋಟೆ. ಮೂರನ್ನೂ ಸೇರಿಸಿ ನೋಡಿ: ಪೂರ್ವದ ದಾರಿ ಇನ್ನಷ್ಟು ಸಲೀಸಾಗುತ್ತಿದೆ, ಪಶ್ಚಿಮದ್ದು ಅಷ್ಟಾಗಿ ಬದಲಾಗಿಲ್ಲ. ಮಂಗಳೂರಿನಿಂದ ಸರಕು ದೂರ ಸರಿಯಲಿ ಎಂದು ಯಾರೂ ಆದೇಶ ಹೊರಡಿಸಿಲ್ಲ. ಆದರೂ ಅದೇ ಆಗುವ ಸಾಧ್ಯತೆ ಜಾಸ್ತಿ.

ಅಮೆರಿಕದ ಸುಂಕದಂಥ ಹೊಡೆತ ಬಂದಾಗಲೂ ಇದು ಕಾಡುತ್ತದೆ. ಗಾರ್ಮೆಂಟ್ಸ್‌ನವರು ಯುರೋಪು, ಕೊಲ್ಲಿ ದೇಶಗಳ ಕಡೆ ತಿರುಗಬೇಕು ಎಂದು ಸಲಹೆ ಕೊಡುವುದು ಸುಲಭ. ಆ ಎರಡೂ ಇರುವುದು ಪಶ್ಚಿಮಕ್ಕೆ. ನಮ್ಮ ಡಬ್ಬ ಹೊರಡುವುದು ಪೂರ್ವದ ಸಮುದ್ರದಿಂದ, ಶ್ರೀಲಂಕಾ ಸುತ್ತಿಕೊಂಡು.

ಇದನ್ನೆಲ್ಲ ಊಹಿಸಿ ಕೂರಬೇಕಾಗಿಯೂ ಇಲ್ಲ. 2020ರ ಫೆಬ್ರುವರಿಯಿಂದ ಪ್ರತಿ ರಫ್ತಿನ ಶಿಪ್ಪಿಂಗ್ ಬಿಲ್‌ನಲ್ಲಿ (ರಫ್ತುದಾರ ಕಸ್ಟಮ್ಸ್‌ಗೆ ಕೊಡುವ ಘೋಷಣಾ ಪತ್ರ) ಸರಕು ಯಾವ ರಾಜ್ಯದ್ದು, ಯಾವ ಜಿಲ್ಲೆಯದ್ದು ಎಂದು ಬರೆಯುವುದು ಕಡ್ಡಾಯ. ಯಾವ ಬಂದರಿನಿಂದ, ಯಾವ ದೇಶಕ್ಕೆ ಎನ್ನುವುದು ಮೊದಲಿನಿಂದಲೂ ಅದರಲ್ಲಿದೆ. ಹಾಸನದ ಕಾಫಿ ಜುಲೈನಲ್ಲಿ ಎಷ್ಟು ಮಂಗಳೂರಿನಿಂದ ಹೋಯಿತು, ಎಷ್ಟು ಬೇರೆ ಕಡೆ ತಿರುಗಿತು ಎನ್ನುವುದು ಕಸ್ಟಮ್ಸ್‌ನ ಕಂಪ್ಯೂಟರಿನಲ್ಲಿ ತಿಂಗಳು ತಿಂಗಳೂ ಸೇರುತ್ತಿದೆ. ಶಿರಾಡಿಯ ಯಾವ ತಿರುವಿಗೆ ಮೊದಲು ತಡೆಗೋಡೆ ಕಟ್ಟಬೇಕು ಎಂದು ಲೆಕ್ಕ ಹಾಕುವ ಎಂಜಿನಿಯರ್‌ನ ಮೇಜಿನ ಮೇಲೆ ಆ ಹಾಳೆ ಇರಬೇಕಿತ್ತು, ಅಲ್ವಾ?